ಕನ್ವರ್‌ಲಾಲನ ವೇಷ, ಸುಶೀಲಕುಮಾರನ ವ್ಯಥೆ

ಶಾಸನದ ಕೈಗೆಟುಕದ ದುಷ್ಟರನ್ನು ಸ್ವತಃ ದಂಡಿಸಹೊರಡುವ ಪುರುಷನು ಚಿತ್ರಕಥೆಗಳ ಲೋಕದಲ್ಲಿ ಬಹುಕಾಲದ ನಿವಾಸಿ. ಲೀ ಫಾಕನು 1936ರಲ್ಲಿ ಸೃಷ್ಟಿಸಿದ ಫ್ಯಾಂಟಮನು ಇಂದ್ರಜಾಲ ಕಾಮಿಕ್ಸಿನ ಕನ್ನಡ ಆವೃತ್ತಿಯ ಮೂಲಕ ನಮ್ಮ ಬಾಲಕರಿಗೂ ಆಪ್ತನಾದನು. ಆದರೆ 1974ರಲ್ಲಿ ಅಮೆರಿಕದ ಪುಟಗಳ ಮೇಲೆ ಅವತರಿಸಿದ ಪನಿಷರನಲ್ಲಿ ಫ್ಯಾಂಟಮನ ಸಂಯಮವಾಗಲಿ ಕುಲಧರ್ಮವಾಗಲಿ ಇಲ್ಲ. ಹೆಂಡತಿ ಮಕ್ಕಳನ್ನು ಕಳೆದುಕೊಂಡ ದುಃಖವೇ ಆತನಿಗೆ ಕೊಲ್ಲಲು ದೊರೆತ ಸನ್ನದು.

ಇಂತಹ ನಾಯಕನು ಕನ್ನಡದಲ್ಲಿ ಕಾಮಿಕ್ಸಿನಿಂದಲ್ಲ, ವಾರಪತ್ರಿಕೆಯ ಧಾರಾವಾಹಿಯಿಂದ ಬಂದನು. ಎಚ್.ಕೆ. ಅನಂತರಾಯರು ‘ಸುಧಾ’ದಲ್ಲಿ ಬರೆದ ‘ಅಂತ’ವನ್ನು ರಾಜೇಂದ್ರಸಿಂಗ್ ಬಾಬು ಅವರು 1981ರಲ್ಲಿ ತೆರೆಗೆ ತಂದರು. ಇನ್‌ಸ್ಪೆಕ್ಟರ್ ಸುಶೀಲಕುಮಾರನು ತನ್ನನ್ನೇ ಹೋಲುವ ದುಷ್ಕರ್ಮಿ ಕನ್ವರ್‌ಲಾಲನ ವೇಷದಲ್ಲಿ ಪಾತಕಿಗಳ ಕೂಟವನ್ನು ಹೊಗುವನು. ಗುಟ್ಟು ಹೊರಬಿದ್ದೊಡನೆ ಆತನೂ ಗರ್ಭಿಣಿಯಾದ ಆತನ ಪತ್ನಿಯೂ ಚಿತ್ರಹಿಂಸೆಗೆ ಗುರಿಯಾಗುವರು. ಬ್ಯಾಟ್‌ಮನ್ನನು ಖಾಸಗಿ ಮನುಷ್ಯನಾಗಿ ಪೊಲೀಸರ ಕೆಲಸ ಮಾಡಿದರೆ, ಇಲ್ಲಿ ಪೊಲೀಸನೇ ರಾಜ್ಯದ ಅಪ್ಪಣೆಯಿಂದ ಪಾತಕಿಯ ಮುಖವನ್ನು ತೊಡುತ್ತಾನೆ. ಕಥಾವಸ್ತುವಿನ ನಿಜವಾದ ಸ್ವಾರಸ್ಯವಿರುವುದು ಈ ವೈಪರೀತ್ಯದಲ್ಲಿ.

ಎರಡೂ ಪಾತ್ರಗಳನ್ನು ವಹಿಸಿದ ನಟ ಅಂಬರೀಷರು ಈ ಎರಡು ಮುಖಗಳನ್ನು ಪ್ರತ್ಯೇಕಿಸಿರುವ ಬಗೆ ಪ್ರಶಂಸಾರ್ಹವಾದುದು. ಸುಶೀಲಕುಮಾರನ ನೋಟದಲ್ಲಿರುವ ಬಿಗುವು ಕನ್ವರ್‌ಲಾಲನಲ್ಲಿ ಕರಗಿ ಅಲಸವಾದ ಕ್ರೌರ್ಯವಾಗುತ್ತದೆ. ವೇಷಧಾರಿಗೆ ವೇಷವೇ ರುಚಿಸತೊಡಗಿತೋ ಎಂಬ ಶಂಕೆ ಪ್ರೇಕ್ಷಕನನ್ನು ಕಾಡುತ್ತದೆ. ನಿರ್ದೇಶಕರು ಈ ಶಂಕೆಯನ್ನು ಬೆಳೆಸಿದ್ದರೆ ಚಿತ್ರವು ಬೇರೊಂದು ಎತ್ತರಕ್ಕೇರುತ್ತಿದ್ದಿತು. ಅವರಾದರೋ ಉಗುರು ಕೀಳುವ ನೋವಿನ ಮೇಲೆ, ಅಬಲೆಯ ಆರ್ತನಾದದ ಮೇಲೆ ಕ್ಯಾಮೆರಾವನ್ನು ಅನಗತ್ಯವಾಗಿ ನಿಲ್ಲಿಸುತ್ತಾರೆ. ಮುಂದಿನ ವಾರದವರೆಗೆ ಓದುಗನನ್ನು ಹಿಡಿದಿಡಬೇಕಾದ ಧಾರಾವಾಹಿಗೆ ಉದ್ವೇಗವು ಅನಿವಾರ್ಯವಿರಬಹುದು; ಎರಡೂವರೆ ತಾಸು ಕತ್ತಲಲ್ಲಿ ಬಂದಿಯಾಗಿ ಕುಳಿತ ಪ್ರೇಕ್ಷಕನಿಗೆ ಅದರ ಅಗತ್ಯವಿಲ್ಲ. ಪನಿಷರನಿಗಾದಂತೆ ಇಲ್ಲಿಯೂ ಹೆಣ್ಣಿನ ಯಾತನೆಯು ಗಂಡಿನ ಪ್ರತೀಕಾರಕ್ಕೆ ಪರವಾನಗಿ ಮಾತ್ರವಾಗಿರುವುದು ನನಗೆ ಚಿತ್ರದ ಅತಿದೊಡ್ಡ ದೋಷವಾಗಿ ತೋರುತ್ತದೆ.

ರಾಯಚೂರು ಜಿಲ್ಲೆಯ ಮಾನ್ವಿ ಸೀಮೆಯ ಕುರ್ಡಿಯಂತಹ ಊರುಗಳಿಗೆ ಕಾನೂನನ್ನು ಕೈಗೆತ್ತಿಕೊಳ್ಳುವ ಈ ಪ್ರಶ್ನೆ ಕೇವಲ ಕಲಾಸಂಬಂಧಿಯಲ್ಲ. ಈ ಜಿಲ್ಲೆ 1948ರ ಸೆಪ್ಟೆಂಬರಿನವರೆಗೆ ಹೈದರಾಬಾದಿನ ನಿಜಾಮನ ಆಳ್ವಿಕೆಯಲ್ಲಿದ್ದಿತು. ನಿಜಾಮನ ಪರ ಶಸ್ತ್ರ ಹಿಡಿದ ರಜಾಕಾರರ ಹಾವಳಿಗೆ ಸರಕಾರವೇ ಬೆಂಬಲವಾಗಿದ್ದಾಗ ದೂರನ್ನು ಒಯ್ಯಬೇಕಾದ ಠಾಣೆಯಾದರೂ ಯಾವುದು? ಆ ದಿನಗಳಲ್ಲಿ ನಿಜಾಮನ ಸೀಮೆಯ ಗಡಿಯಾಚೆಯ ಶಿಬಿರಗಳಲ್ಲಿ, ಅಳವಂಡಿ ಶಿವಮೂರ್ತಿ ಸ್ವಾಮಿಗಳ ಮುಂದಾಳುತನದ ಮುಂಡರಗಿ ಶಿಬಿರವೇ ಮೊದಲಾದೆಡೆ, ಸಾಮಾನ್ಯರು ಶಸ್ತ್ರ ಹಿಡಿದರು. ಅವರೂ ಕಾನೂನನ್ನು ಕೈಗೆತ್ತಿಕೊಂಡವರೇ ಸರಿ. ಆದರೆ ಸೆಪ್ಟೆಂಬರ್ 17ರಂದು ನಿಜಾಮನು ಶರಣಾದ ಬಳಿಕ ಆ ಶಿಬಿರಗಳ ಕಾರ್ಯವೂ ಮುಗಿಯಿತು. ಈ ಭಾಗದ ನಾಟಕ ಕಂಪನಿಗಳು ಮೆರೆಸಿದ ಬಂಡಾಯಗಾರ ಸಿಂಧೂರ ಲಕ್ಷ್ಮಣನಾದರೂ 1922ರಲ್ಲಿ ನಂಬಿದವರ ಮೋಸಕ್ಕೆ ಬಲಿಯಾಗಿ ತನ್ನ ಸಾಹಸದ ಬೆಲೆಯನ್ನು ತೆತ್ತವನು. ರಂಗದ ಮುಂದೆ ಕುಳಿತವರು ಆತನ ಬಂಡಾಯಕ್ಕೆ ಚಪ್ಪಾಳೆ ತಟ್ಟಿದರು, ಸಾವಿಗೆ ಕಣ್ಣೀರಿಟ್ಟರು.

‘ಅಂತ’ದ ಪ್ರೇಕ್ಷಕನು ಕಣ್ಣೀರನ್ನು ಸುಶೀಲಕುಮಾರನಿಗಿಟ್ಟು ಚಪ್ಪಾಳೆಯನ್ನು ಕನ್ವರ್‌ಲಾಲನಿಗೆ ಮೀಸಲಿಟ್ಟನು. ಮನೆಗೆ ಒಯ್ದದ್ದು ಚಪ್ಪಾಳೆಯ ಮಾತುಗಳನ್ನು. ಅನುಕರಣೆಗೆ ಬಂದದ್ದು ವೇಷಧಾರಿಯ ನಡಿಗೆ. ಅಂಬರೀಷರನ್ನೇ ಇಟ್ಟುಕೊಂಡು 1995ರಲ್ಲಿ ಉಪೇಂದ್ರರು ‘ಆಪರೇಷನ್ ಅಂತ’ವನ್ನು ನಿರ್ದೇಶಿಸಿದಾಗಲೂ ಜನರು ಹಾತೊರೆದದ್ದು ಆ ನಡಿಗೆಗಾಗಿಯೇ ಹೊರತು ಇನ್‌ಸ್ಪೆಕ್ಟರನ ನೋವಿಗಾಗಿ ಅಲ್ಲ. ಮೊದಲ ಚಿತ್ರವು ತನ್ನೆಲ್ಲ ಅತಿರೇಕಗಳ ನಡುವೆಯೂ ಇಂದಿಗೂ ನೋಡತಕ್ಕದ್ದು. ಆದರೆ ಅದನ್ನು ಅನುಕರಿಸಿದ ಚಿತ್ರಗಳಲ್ಲಿ ಬಹುಪಾಲು ಉಳಿದಿರುವುದು ಕನ್ವರ್‌ಲಾಲನೊಬ್ಬನೇ.