ಬಾಡಿಗೆಯ ಕತ್ತಲೆಕೋಣೆ

ಹೊಸ ಕ್ಯಾಮೆರಾ ಕೊಳ್ಳುವಾಗ ನಾವು ಲೆನ್ಸಿನ ಬೆಲೆ ಕೇಳುತ್ತೇವೆ, ಚೀಲದ ಬೆಲೆ ಕೇಳುತ್ತೇವೆ, ಮೆಮೊರಿ ಕಾರ್ಡಿಗೂ ಚೌಕಾಸಿ ಮಾಡುತ್ತೇವೆ. ಅದರಲ್ಲಿ ತೆಗೆದ ಚಿತ್ರಗಳನ್ನು ತಿದ್ದಿ ಅಣಿಗೊಳಿಸುವ ತಂತ್ರಾಂಶಕ್ಕೆ ಎಷ್ಟು ಬೀಳುತ್ತದೆ ಎಂದು ಮಾತ್ರ ಕೇಳುವುದಿಲ್ಲ. ಮನೆಬಾಡಿಗೆ, ಮಕ್ಕಳ ಫೀಸು, ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವ ರೈಲುಚಾರ್ಜು, ಇವುಗಳ ನಡುವೆ ಉಳಿಸಿದ ಹಣದಲ್ಲಿ ಕ್ಯಾಮೆರಾ ಕೊಂಡ ಸಂಸಾರಗಳಿಗೆ ಇದು ಸಣ್ಣ ವಿಷಯವಲ್ಲ. ಆದ್ದರಿಂದ ಇಂಥ ತಂತ್ರಾಂಶಗಳಲ್ಲಿ ನಾಲ್ಕನ್ನು ಆರಿಸಿ ಒಂದೇ ತಕ್ಕಡಿಯಲ್ಲಿಟ್ಟು ತೂಗಿ ನೋಡಿದ್ದೇವೆ.

ಮೊದಲು 'ರಾ' ಕಡತವೆಂದರೇನೆಂದು ತಿಳಿಯಬೇಕು. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ವಿಧಾನದಂತೆ, ಬಹುಪಾಲು ಕ್ಯಾಮೆರಾಗಳ ಸೆನ್ಸರಿನ ಮೇಲೆ ಬಣ್ಣದ ಶೋಧಕಗಳ ಚೌಕುಳಿಯಿರುತ್ತದೆ. ಅದರಲ್ಲಿ ಅರ್ಧದಷ್ಟು ಹಸಿರು, ಕಾಲುಭಾಗ ಕೆಂಪು, ಕಾಲುಭಾಗ ನೀಲಿ. ಅಲ್ಲಿ ದಾಖಲಾದ ಬೆಳಕನ್ನು ಹೆಚ್ಚು ಕೈಹಾಕದೆ ಉಳಿಸಿಕೊಂಡದ್ದು ರಾ ಕಡತ. ಕ್ಯಾಮೆರಾ ತಾನೇ ಬೇಯಿಸಿ ಬಡಿಸಿದ್ದು ಜೇಪೆಗ್. 14 ಬಿಟ್ಟಿನ ರಾ ಕಡತದಲ್ಲಿ ಪ್ರತಿ ಬಿಂದುವಿಗೂ 16,384 ಮೆಟ್ಟಿಲುಗಳ ಬೆಳಕು. ಜೇಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಮಾತ್ರ. ಕತ್ತಲಲ್ಲಿ ಮುಳುಗಿದ ಮುಖವನ್ನು ಮೇಲೆತ್ತಲು ಈ ಹೆಚ್ಚಿನ ಮೆಟ್ಟಿಲುಗಳೇ ಆಧಾರ. ಹಿಂದಿನ ನೆಗೆಟಿವ್ ಇದ್ದ ಜಾಗದಲ್ಲಿ ಇಂದು ರಾ ಕಡತವಿದೆ. ಕತ್ತಲೆಕೋಣೆಯ ಜಾಗದಲ್ಲಿ ತಂತ್ರಾಂಶವಿದೆ.

ಪರೀಕ್ಷೆಗೆ ಕ್ಯಾನನ್ ಕ್ಯಾಮೆರಾದ ಎರಡು ಚಿತ್ರಗಳನ್ನು ಆರಿಸಿಕೊಂಡೆವು. ಒಂದರಲ್ಲಿ ಊರಮನೆಯ ಜಗಲಿಯಲ್ಲಿ ಬಿಸಿಲಿಗೆ ಬೆನ್ನುಹಾಕಿ ಕುಳಿತ ಅಜ್ಜಿ, ಮುಖವೆಲ್ಲ ನೆರಳು. ಇನ್ನೊಂದರಲ್ಲಿ ರಾಜ್ಯೋತ್ಸವದ ವೇದಿಕೆಯ ಮೇಲಿನ ಯಕ್ಷಗಾನದ ವೇಷ. ಮಂದ ದೀಪದಿಂದಾಗಿ ಚಿತ್ರದ ತುಂಬ ರವೆ ಚೆಲ್ಲಿದಂಥ ಕಾಳು.

ಅಡೋಬಿಯವರ ಲೈಟ್‌ರೂಮ್ 2007ರಲ್ಲಿ ಬಂದದ್ದು. ಗುಣದಲ್ಲಿ ಅದಕ್ಕೆ ಮೊದಲ ಸ್ಥಾನ ಕೊಡಲು ನಮಗೆ ಸಂಕೋಚವಿಲ್ಲ. ಅಜ್ಜಿಯ ಮುಖವನ್ನಷ್ಟೇ ಗುರುತಿಸಿ ಬೆಳಗಿಸುವುದು ಅದಕ್ಕೆ ಕ್ಷಣದ ಕೆಲಸ. 2023ರಲ್ಲಿ ಸೇರಿಸಿದ ಕಾಳು ತೆಗೆಯುವ ಸೌಕರ್ಯವು ವೇಷದ ಕಿರೀಟದ ಕುಸುರಿ ಕೆಡದಂತೆ ಚಿತ್ರವನ್ನು ಶುಭ್ರಗೊಳಿಸಿತು, ಸಾಧಾರಣ ಕಂಪ್ಯೂಟರಿನಲ್ಲಿ ಬಹಳ ಹೊತ್ತು ಹಿಡಿದರೂ. ಆದರೆ ಈ ಕತ್ತಲೆಕೋಣೆ ಬಾಡಿಗೆಯದು. 2015ರ ಲೈಟ್‌ರೂಮ್ 6 ಒಮ್ಮೆ ಹಣ ಕೊಟ್ಟು ಕೊಳ್ಳಬಹುದಾಗಿದ್ದ ಕೊನೆಯ ಆವೃತ್ತಿ. ಈಗ ಚಂದಾ ನಿಲ್ಲಿಸಿದರೆ 'ಲೈಟ್‌ರೂಮ್ ಕ್ಲಾಸಿಕ್'ನಲ್ಲಿ ಚಿತ್ರಗಳನ್ನು ನೋಡಬಹುದು, ಹೊರತೆಗೆದುಕೊಳ್ಳಬಹುದು. ತಿದ್ದುವ ಕೋಣೆಗೆ ಮಾತ್ರ ಬೀಗ. ನಾವು ಮಾಡಿದ ತಿದ್ದುಪಡಿಗಳನ್ನು ಬೇರೆ ತಂತ್ರಾಂಶಗಳು ಪೂರ್ತಿಯಾಗಿ ಓದಲಾರವು. ಬಾಡಿಗೆಮನೆ ಬಿಡುವಾಗ ಗೋಡೆಗೆ ಹೊಡೆಸಿದ ಕಪಾಟು ಅಲ್ಲೇ ಉಳಿದಂತೆ.

ಹಾಗಾದರೆ ಹಳೆಯ ಲೈಟ್‌ರೂಮ್ 6 ಎಲ್ಲಾದರೂ ಸಿಕ್ಕೀತೇ ಎಂದು ಕೇಳುವವರಿದ್ದಾರೆ. ಅದರ ಕೊನೆಯ ಪರಿಷ್ಕರಣ ಬಂದದ್ದು 2017ರ ಡಿಸೆಂಬರಿನಲ್ಲಿ. ಕ್ಯಾನನ್ ಕಂಪನಿ ಸಿ.ಆರ್.3 ಎಂಬ ಹೊಸ ಬಗೆಯ ರಾ ಕಡತವನ್ನು ತಂದದ್ದು 2018ರಲ್ಲಿ. ಹೊಸ ಕ್ಯಾಮೆರಾದ ಕಡತ ಹಳೆಯ ತಂತ್ರಾಂಶಕ್ಕೆ ಅರ್ಥವಾಗದ ಲಿಪಿ. ಅಡೋಬಿಯವರೇ ಉಚಿತವಾಗಿ ಕೊಡುವ ಡಿ.ಎನ್.ಜಿ. ಪರಿವರ್ತಕ ಒಂದು ಅಡ್ಡದಾರಿಯಾದೀತು, ಅಷ್ಟೆ. ಇನ್ನು ಅಂಗಡಿಯಲ್ಲಿ 'ಹಾಕಿಕೊಡುವ' ಕಳ್ಳಪ್ರತಿಯ ಮಾತು ಬೇಡ. ಅದರ ಜತೆಗೆ ಬರುವ ವೈರಸ್ಸು ಇಡೀ ಸಂಸಾರದ ಚಿತ್ರಗಳನ್ನು ಒಂದೇ ರಾತ್ರಿಯಲ್ಲಿ ನುಂಗಬಲ್ಲುದು.

ಎರಡನೆಯದು ಕ್ಯಾಮೆರಾ ಕಂಪನಿಯವರೇ ಬೆಲೆಯಿಲ್ಲದೆ ಕೊಡುವಂಥದು. ಕ್ಯಾನನ್ನಿನವರಿಗೆ 'ಡಿಜಿಟಲ್ ಫೋಟೋ ಪ್ರೊಫೆಷನಲ್'. ನಿಕಾನಿನವರಿಗೆ 2021ರಲ್ಲಿ ಬಂದ 'ಎನ್.ಎಕ್ಸ್. ಸ್ಟುಡಿಯೋ'. ತಮ್ಮ ಕ್ಯಾಮೆರಾದ ಬಣ್ಣ ಇವುಗಳಿಗೆ ಕರಗತ. ಅಜ್ಜಿಯ ಮೈಬಣ್ಣ ಹೆಚ್ಚು ಶ್ರಮವಿಲ್ಲದೆ ಸಹಜವಾಗಿ ಬಂದದ್ದು ಇಲ್ಲಿಯೇ. ಹೊಸ ಕ್ಯಾಮೆರಾದ ಕಡತ ತೆರೆಯುವುದೋ ಇಲ್ಲವೋ ಎಂಬ ಚಿಂತೆಯೂ ಇಲ್ಲ. ಕೊರತೆಯೆಂದರೆ ಮಂದಗತಿ, ಮತ್ತು ಅನ್ಯ ಕಂಪನಿಗಳ ರಾ ಕಡತಕ್ಕೆ ಪ್ರವೇಶವಿಲ್ಲದಿರುವುದು.

ಮೂರನೆಯದು ರಾಥೆರಪಿ. ಗಾಬೋರ್ ಹೋರ್ವಾತ್ ಆರಂಭಿಸಿದ ಈ ತಂತ್ರಾಂಶ 2010ರಿಂದ ಎಲ್ಲರಿಗೂ ಮುಕ್ತ. ಚಿತ್ರ ತೆರೆದೊಡನೆ ಕ್ಯಾಮೆರಾದ ಜೇಪೆಗ್ಗಿಗೆ ಸಮೀಪದ ಛಾಯೆಯನ್ನು ತಾನೇ ಹೊಂದಿಸಿಕೊಡುವುದರಿಂದ ಹೊಸಬರು ದಿಕ್ಕುಗೆಡುವುದಿಲ್ಲ. ಜಗಲಿಯ ನೆರಳಿನಿಂದ ಅಜ್ಜಿಯ ಮುಖವನ್ನು ಹೊರತರಲು ನಮಗೆ ಹತ್ತು ನಿಮಿಷ ಸಾಕಾಯಿತು. ಆದರೆ ಸಾವಿರಾರು ಚಿತ್ರಗಳನ್ನು ಹೆಸರು, ಊರು, ಸಮಾರಂಭಗಳ ಪ್ರಕಾರ ವಿಂಗಡಿಸಿಡುವ ಕಪಾಟು ಇದರಲ್ಲಿಲ್ಲ.

ಆ ಕಪಾಟು ನಾಲ್ಕನೆಯದಾದ ಡಾರ್ಕ್‌ಟೇಬಲ್‌ನಲ್ಲಿದೆ. 2009ರಿಂದ ಬೆಳೆಯುತ್ತ ಬಂದ ಇದೂ ಉಚಿತ. ವೇದಿಕೆಯ ಚಿತ್ರದಲ್ಲಿ ಮುಖಕ್ಕೊಂದು, ಕಿರೀಟಕ್ಕೊಂದು, ಹಿಂದಿನ ಪರದೆಗೊಂದು ಹೀಗೆ ಬೇರೆ ಬೇರೆ ತಿದ್ದುಪಡಿ ಮಾಡಲು ಇದರಲ್ಲಿ ಇರುವಷ್ಟು ಸ್ವಾತಂತ್ರ್ಯ ಉಳಿದೆರಡು ಉಚಿತ ತಂತ್ರಾಂಶಗಳಲ್ಲಿ ನಮಗೆ ಕಾಣಲಿಲ್ಲ. ಆದರೆ ಗುಂಡಿಗಳ ಕಾಡು, ಹೆಸರುಗಳೂ ಬೆದರಿಸುವಂಥವು. ಎರಡು ಮೂರು ಭಾನುವಾರ ಕಳೆಯಲು ಒಪ್ಪುವವರಿಗೆ ಮಾತ್ರ ಒಲಿಯುತ್ತದೆ. ಹೊಚ್ಚಹೊಸ ಕ್ಯಾಮೆರಾಗಳಿಗೆ ಕೆಲವೊಮ್ಮೆ ಕಾಯಬೇಕಾಗುವುದೂ ಉಂಟು. ಸಿ.ಆರ್.3 ಕಡತಗಳನ್ನು ಅದು ಓದತೊಡಗುವ ಹೊತ್ತಿಗೆ 2021 ಮುಗಿಯುತ್ತಿತ್ತು.

ನಮ್ಮ ತೀರ್ಪು ಇಷ್ಟು. ಮದುವೆ-ಮುಂಜಿಗಳಲ್ಲಿ ಚಿತ್ರ ತೆಗೆದು ಸಂಪಾದಿಸುವವರಿಗೆ ಲೈಟ್‌ರೂಮಿನ ಬಾಡಿಗೆ ದುಬಾರಿಯಲ್ಲ; ಉಳಿಯುವ ವೇಳೆಯೇ ಅದನ್ನು ತೀರಿಸುತ್ತದೆ. ಸಂಸಾರವಂದಿಗರು ಮೊದಲ ಆರು ತಿಂಗಳು ಕಂಪನಿಯ ತಂತ್ರಾಂಶದಲ್ಲಿ ಕೈಪಳಗಿಸಿ, ಬಳಿಕ ರಾಥೆರಪಿಗೆ ಬರುವುದು ಲೇಸು. ಚಿತ್ರಗಳ ರಾಶಿ ಬೆಳೆದು, ಹುಚ್ಚೂ ಹತ್ತಿದರೆ ಡಾರ್ಕ್‌ಟೇಬಲ್ ಇದ್ದೇ ಇದೆ. ಯಾವುದನ್ನು ಆರಿಸಿದರೂ ರಾ ಕಡತವನ್ನು ಅಳಿಸಬಾರದು. ತಿದ್ದಿ ಮುಗಿಸಿದ ಚಿತ್ರದ ಒಂದು ಜೇಪೆಗ್ ಪ್ರತಿಯನ್ನೂ ಜತೆಗಿಟ್ಟು, ಎರಡನ್ನೂ ಇನ್ನೊಂದು ಡಿಸ್ಕಿನಲ್ಲಿ ಇಡಬೇಕು.

ಪರಊರಿನಲ್ಲಿ ಬೆಳೆಯುವ ನಮ್ಮ ಮಕ್ಕಳು ಅಜ್ಜಿ-ತಾತಂದಿರನ್ನು ನೋಡುವುದು ವರ್ಷಕ್ಕೆ ಹದಿನೈದು ದಿನ. ಮುಂದೆ ಅವರ ಪಾಲಿಗೆ ಉಳಿಯುವುದು ಹೆಚ್ಚಾಗಿ ಈ ಚಿತ್ರಗಳೇ. ಅವನ್ನು ಮತ್ತೆ ತೆರೆದು ತಿದ್ದುವ ಹಕ್ಕು ಮಕ್ಕಳಿಗೆ ಬಾಡಿಗೆಯಿಲ್ಲದೆ ಸಿಗಲಿ ಎಂಬುದೇ ನಮ್ಮ ಆಯ್ಕೆಯ ಹಿಂದಿನ ಕಾರಣ.