ಕಾಗೆ, ಕೆಚಪ್, ಕಬ್ಬಿಣದ ಪೆನ್ಸಿಲ್

ವಿಡಿಯೊ ಗೇಮಿನ ವೈರಿ ಎಂದರೆ ಸಾಮಾನ್ಯವಾಗಿ ಕೋರೆಹಲ್ಲಿನ ರಾಕ್ಷಸ, ಬೆಂಕಿಯುಗುಳುವ ಸರ್ಪ, ಕವಚ ತೊಟ್ಟ ಸೈನಿಕ. ದಾರಿಯಲ್ಲಿ ಸಿಗುವ ವಸ್ತು ಎಂದರೆ ಮಂತ್ರದ ಕತ್ತಿ, ಹೋದ ಜೀವ ತರುವ ಮದ್ದು. ನಿಂಟೆಂಡೊ ಕಂಪನಿ 1994ರ ಆಗಸ್ಟಿನಲ್ಲಿ ಜಪಾನಿನಲ್ಲಿ ‘ಮದರ್ 2’ ಎಂದೂ 1995ರ ಜೂನಿನಲ್ಲಿ ಅಮೆರಿಕದಲ್ಲಿ ‘ಅರ್ತ್‌ಬೌಂಡ್’ ಎಂದೂ ಬಿಡುಗಡೆ ಮಾಡಿದ ಆಟದಲ್ಲಿ ಈ ಲೆಕ್ಕವೇ ಬೇರೆ. ಇಲ್ಲಿ ಮೊದಲಿಗೆ ಎದುರಾಗುವವರು ಮನೆ ಬಿಟ್ಟು ಓಡಿಬಂದ ನಾಯಿ, ಸುರುಳಿ ಸುತ್ತಿಕೊಂಡ ಹಾವು, ಕಪ್ಪು ಕನ್ನಡಕ ಹಾಕಿಕೊಂಡ ಕಾಗೆ. ಹೋರಾಡಲು ಹೊರಟ ಹುಡುಗ ನೆಸ್‌ನ ಕೈಯಲ್ಲಿರುವುದು ಬೇಸ್‌ಬಾಲ್ ದಾಂಡು. ಚೀಲದಲ್ಲಿ ಬಿಸ್ಕತ್ತು, ಬರ್ಗರ್, ಅದಕ್ಕೆ ಹಚ್ಚಿಕೊಳ್ಳಲು ಕೆಚಪ್ ಪೊಟ್ಟಣ.

ಇದನ್ನು ತಮಾಷೆಯ ಆಟ ಎಂದು ಕರೆದು ಬಿಟ್ಟುಬಿಡುವ ರೂಢಿಯಿದೆ. ನನಗೆ ಅದು ಸಾಲದು. ಮೂವತ್ತು ವರ್ಷ ಕಳೆದರೂ ಈ ಆಟ ಹಳಸದೆ ಉಳಿದಿರುವುದಕ್ಕೆ ಕಾರಣ ಅದರ ನಗೆಯ ಹಿಂದಿರುವ ನಂಬಿಕೆ. ನಮಗೆ ಅಡ್ಡ ಬರುವುದೂ ನೆರವಿಗೆ ಬರುವುದೂ ಒಂದೇ ಬೀದಿಯಿಂದ ಬರುತ್ತವೆ, ಹಾಗಾಗಿ ಎರಡನ್ನೂ ಅಕ್ಕರೆಯಿಂದ ನೋಡಬೇಕು ಎಂಬುದು ಆ ನಂಬಿಕೆ.

ಆಟವನ್ನು ಕಲ್ಪಿಸಿ ಬರೆದವರು ಶಿಗೆಸಾಟೊ ಇಟೊಯ್. ವೃತ್ತಿಯಲ್ಲಿ ಅವರು ಜಾಹೀರಾತು ಬರಹಗಾರ. ನಾಲ್ಕು ಮಾತಿನಲ್ಲಿ ಒಂದು ವಸ್ತುವಿಗೆ ಜೀವ ತುಂಬುವುದು ಅವರ ಕಸುಬು. ಕೆಲಸ ಕಗ್ಗಂಟಾಗಿ ನಿಂತಿದ್ದಾಗ ಬಂದು ಬಿಡಿಸಿಕೊಟ್ಟವರು ಪ್ರೋಗ್ರಾಮರ್ ಸತೊರು ಇವಾಟಾ. ಅವರೇ ಮುಂದೆ 2002ರಲ್ಲಿ ನಿಂಟೆಂಡೊದ ಅಧ್ಯಕ್ಷರಾದರು. ಇಂಗ್ಲಿಷಿಗೆ ತಂದು ಅದರ ಹಾಸ್ಯಕ್ಕೆ ಹೊಸ ನಾಲಗೆ ಕೊಟ್ಟವರಲ್ಲಿ ಮಾರ್ಕಸ್ ಲಿಂಡ್‌ಬ್ಲಮ್ ಮುಖ್ಯರು. ಅಮೆರಿಕದಲ್ಲಿ ಮಾತ್ರ ಇದು ಸೋತಿತು. ‘ಈ ಆಟ ನಾರುತ್ತದೆ’ ಎಂಬ ಅರ್ಥದ ಜಾಹೀರಾತು ಕೊಟ್ಟು, ಉಜ್ಜಿದರೆ ವಾಸನೆ ಬರುವ ಕಾಗದ ಹಂಚಿದರು. ಕೆಟ್ಟ ಜಾಹೀರಾತು ಎಂದರೆ ಇದೇ: ಒಳಗಿರುವ ಸೂಕ್ಷ್ಮ ನಗೆಯನ್ನು ಹೊರಗೆ ಹೊಲಸು ಮಾಡಿ ತೋರಿಸಿತು. ಅಲ್ಲಿ ಖರ್ಚಾದದ್ದು ಸುಮಾರು 1.4 ಲಕ್ಷ ಪ್ರತಿ.

ತೊಂಬತ್ತರ ದಶಕದ ಮುಂಬಯಿಯಲ್ಲಿ ಬೆಳೆದ ನಮಗೆ ಇದರ ಸುಳಿವೇ ಇರಲಿಲ್ಲ. ನಾವು ‘ಟಿವಿ ಗೇಮ್’ ಎಂದು ಕರೆಯುತ್ತಿದ್ದ ಪೆಟ್ಟಿಗೆಗೆ ಹಳದಿ ಕ್ಯಾಸೆಟ್ ತುರುಕಿದರೆ ಮಾರಿಯೊ ಬರುತ್ತಿದ್ದ, ಕಾಂಟ್ರಾ ಬರುತ್ತಿತ್ತು, ಬಾತುಕೋಳಿ ಹೊಡೆಯುವ ಆಟ ಬರುತ್ತಿತ್ತು. ಓದಿಕೊಂಡು, ಊರೂರು ಅಲೆದುಕೊಂಡು, ಸಿಕ್ಕವರನ್ನೆಲ್ಲ ಮಾತಾಡಿಸಿಕೊಂಡು ಆಡುವ ಆಟ ನಮ್ಮ ಗಲ್ಲಿಗೆ ಬರಲಿಲ್ಲ. 2022ರ ಫೆಬ್ರುವರಿಯಲ್ಲಿ ‘ಅರ್ತ್‌ಬೌಂಡ್’ ನಿಂಟೆಂಡೊದ ಸ್ವಿಚ್ ಯಂತ್ರದ ಚಂದಾದಾರರಿಗೆ ಸಿಕ್ಕಿತು. ಆಮೇಲೆ ನಾನು ಮುಂಬಯಿಯ ಉಪನಗರ ಅಂಧೇರಿಯ ಮನೆಯಲ್ಲಿ ಕೂತು ಇದನ್ನು ಕೊನೆಮುಟ್ಟ ಆಡಿದೆ.

ವೈರಿಗಳಿಂದ ಶುರು ಮಾಡೋಣ. ಟೂಸನ್ ಎಂಬ ಊರಿನಲ್ಲಿ ಒಬ್ಬ ಹಿಪ್ಪಿ ಎದುರಾಗುತ್ತಾನೆ. ಗುಂಗುರು ಕೂದಲು, ಬಣ್ಣದ ಅಂಗಿ. ಕಾದಾಟ ಶುರುವಾಗುತ್ತದೆ. ನಮ್ಮ ಸರದಿಯಲ್ಲಿ ನಾವು ದಾಂಡು ಬೀಸುತ್ತೇವೆ. ಅವನ ಸರದಿ ಬಂದಾಗ ಅವನು ಹೊಡೆಯುವುದನ್ನು ಬಿಟ್ಟು ಚೀಲದಿಂದ ಅಡಿಪಟ್ಟಿ ತೆಗೆಯುತ್ತಾನೆ. ಇನ್ನು ವಸ್ತುಗಳ ಉದ್ದವನ್ನು ಸಲೀಸಾಗಿ ತಿಳಿಯಬಲ್ಲ ಎಂದು ಪರದೆಯ ಮೇಲೆ ಗಂಭೀರವಾದ ಸಾಲೊಂದು ಮೂಡುತ್ತದೆ. ಅದರಿಂದ ಕಾದಾಟದಲ್ಲಿ ಅವನಿಗೆ ಎಳ್ಳಷ್ಟೂ ಲಾಭವಿಲ್ಲ. ಇನ್ನೊಂದು ಸುತ್ತಿನಲ್ಲಿ ಹಲ್ಲುಜ್ಜುತ್ತಾನೆ. ಅವನನ್ನು ಸೋಲಿಸಿದಾಗ ಸತ್ತ ಎಂದು ಆಟ ಹೇಳುವುದಿಲ್ಲ; ಮೊದಲಿನಂತಾದ ಎನ್ನುತ್ತದೆ. ನಾಯಿಯಾದರೆ ಸಾಧುವಾಯಿತು ಎನ್ನುತ್ತದೆ.

ಈ ಒಂದು ಮಾತಿನಲ್ಲಿ ಆಟದ ನೀತಿಯೆಲ್ಲ ಇದೆ. ಗಿಯಗಸ್ ಎಂಬ ಹೊರಲೋಕದ ಕೇಡು ಭೂಮಿಯ ಮೇಲೆ ಕವಿದಿದೆ. ಅದರ ಪ್ರಭಾವಕ್ಕೆ ಸಿಕ್ಕಿ ಕೈಚೀಲ ಹಿಡಿದ ಹೆಂಗಸು, ಯುವಕರನ್ನು ಬೈಯುತ್ತ ತೂರಾಡುವ ಮುದುಕ, ಮರ, ಅಣಬೆ, ಟ್ಯಾಕ್ಸಿ, ಕುದಿಯುವ ಕಾಫಿ ಕಪ್ಪು, ಗೋಡೆಯ ಮೇಲಿರಬೇಕಾದ ಚಿತ್ರಪಟ, ಎಲ್ಲಕ್ಕೂ ಸಿಟ್ಟು ನೆತ್ತಿಗೇರಿದೆ. ಕೇಡು ಅವರ ಸ್ವಭಾವವಲ್ಲ, ಅವರಿಗೆ ತಗುಲಿದ್ದು. ಹೊಡೆತ ಎಂದರೆ ಇಲ್ಲಿ ಕೊಲ್ಲುವುದಲ್ಲ, ಅಂಟಿದ್ದನ್ನು ಬಿಡಿಸುವುದು. ಊರಿನ ಮೇಲಿನ ಹಿಡಿತ ಸಡಿಲವಾದ ಮೇಲೆ ಚಿಕ್ಕ ವೈರಿಗಳು ನಮ್ಮನ್ನು ಕಂಡರೆ ಓಡುತ್ತಾರೆ. ತೀರ ದುರ್ಬಲರಾದರೆ ಕಾದಾಡಬೇಕಾಗಿಯೇ ಇಲ್ಲ, ಮುಟ್ಟುತ್ತಲೇ ಗೆದ್ದಂತೆ. ಆಡುವವನ ಸಮಯಕ್ಕೂ ಎದುರಾಳಿಯ ಮಾನಕ್ಕೂ ಬೆಲೆ ಕೊಡುವ ಇಂಥ ಏರ್ಪಾಟು ಆ ಕಾಲದ ಆಟಗಳಲ್ಲಿ ಅಪರೂಪ.

ನಗೆಯ ನಡುವೆ ಭಯವನ್ನೂ ಇದು ಕಾಪಾಡಿಕೊಂಡಿದೆ. ನಮ್ಮ ಪ್ರಾಣದ ಲೆಕ್ಕ ಕಾರಿನ ಕಿಲೋಮೀಟರ್ ಅಂಕಿಗಳ ಹಾಗೆ ಉರುಳುತ್ತದೆ. ಸಾಯುವಂಥ ಪೆಟ್ಟು ಬಿದ್ದರೂ ಕೂಡಲೇ ಬೀಳುವುದಿಲ್ಲ. ಅಂಕಿಗಳು ಒಂದೊಂದೇ ಇಳಿಯುತ್ತಿರುತ್ತವೆ. ಸೊನ್ನೆ ಮುಟ್ಟುವುದರೊಳಗೆ ಮದ್ದು ಹಾಕಿದರೆ, ಇಲ್ಲವೇ ಎದುರಾಳಿಯನ್ನು ಸೋಲಿಸಿದರೆ, ಬದುಕಿದೆವು. ಅಡಿಪಟ್ಟಿ ಹಿಡಿದವನನ್ನು ಕಂಡು ನಗುತ್ತಿದ್ದ ಬೆರಳುಗಳು ಆ ಕ್ಷಣದಲ್ಲಿ ಗುಂಡಿಗಳನ್ನು ತಡಕಾಡುತ್ತವೆ.

ಇನ್ನು ವಸ್ತುಗಳು. ತಿಂಡಿಗೂ ಅದರ ಜೊತೆಗೆ ಹಚ್ಚಿಕೊಳ್ಳುವುದಕ್ಕೂ ಇಲ್ಲಿ ಹೊಂದಾಣಿಕೆ ಇದೆ. ಸರಿಯಾದ ಜೋಡಿ ಸಿಕ್ಕರೆ ಶಕ್ತಿ ಹೆಚ್ಚು ಬರುತ್ತದೆ. ‘ಮಾರಾಟಕ್ಕಿದೆ’ ಎಂಬ ಫಲಕವನ್ನು ನಡುರಸ್ತೆಯಲ್ಲಿ ಹಿಡಿದರೆ ಎಲ್ಲಿಂದಲೋ ಗಿರಾಕಿ ಓಡಿಬಂದು ನಮ್ಮ ಹಳೇ ಸಾಮಾನು ಕೊಳ್ಳುತ್ತಾನೆ. ಗುಹೆಯಲ್ಲಿ ದಾರಿ ತಪ್ಪಿದರೆ ಹೊರದಾರಿ ತೋರಿಸುವ ಇಲಿಯಿದೆ. ವೈರಿಯನ್ನು ಸೋಲಿಸಿದರೆ ದುಡ್ಡು ನೆಲದ ಮೇಲೆ ಬೀಳುವುದಿಲ್ಲ. ಊರಲ್ಲಿಲ್ಲದ ಅಪ್ಪ ಬ್ಯಾಂಕಿಗೆ ಹಾಕುತ್ತಾನೆ, ಮಗ ಎಟಿಎಂನಿಂದ ತೆಗೆಯುತ್ತಾನೆ. ಆ ಅಪ್ಪನ ಮುಖವನ್ನು ಕೊನೆಯವರೆಗೂ ಕಾಣುವುದಿಲ್ಲ. ಆಟವನ್ನು ಉಳಿಸಿಡಬೇಕಾದರೂ ಅವನಿಗೇ ಫೋನ್ ಮಾಡಬೇಕು. ಬಹಳ ಹೊತ್ತು ಆಡಿದರೆ ಅವನೇ ಫೋನ್ ಮಾಡಿ, ಸ್ವಲ್ಪ ಸುಧಾರಿಸಿಕೋ ಮಗನೇ ಎನ್ನುತ್ತಾನೆ.

ಮನೆಯಿಂದ ದೂರವಾದಷ್ಟೂ ನೆಸ್‌ಗೆ ಮನೆಯ ನೆನಪಿನ ಕಾಯಿಲೆ ಹಿಡಿಯುತ್ತದೆ. ವೈರಿ ಎದುರಿಗೇ ಇದ್ದರೂ ಅಮ್ಮನನ್ನು ನೆನೆದು ಕೈಕಟ್ಟಿ ನಿಂತುಬಿಡುತ್ತಾನೆ. ಇದಕ್ಕೆ ಔಷಧಿ ಇಲ್ಲ. ಅಮ್ಮನಿಗೆ ಫೋನ್ ಮಾಡಬೇಕು, ಅಷ್ಟೆ. ಆಟದ ಆರಂಭದಲ್ಲಿ ನಿನಗಿಷ್ಟದ ಊಟ ಯಾವುದು ಎಂದು ಕೇಳುತ್ತಾರೆ. ನಾನು ಗಂಜಿ ಎಂದು ಬರೆದಿದ್ದೆ. ಎಷ್ಟೋ ಊರು ಸುತ್ತಿ ಮನೆಗೆ ಬಂದ ನೆಸ್‌ಗೆ ಆ ಬೆಳ್ಳಗಿನ ಅಮೆರಿಕನ್ ಅಡುಗೆಮನೆಯಲ್ಲಿ ಅಮ್ಮ ಗಂಜಿ ಬಡಿಸಿದಳು. ಹತ್ತು ಹನ್ನೆರಡರ ವಯಸ್ಸಿಗೇ ಉಡುಪಿ, ಕುಂದಾಪುರದ ಕಡೆಯಿಂದ ಬಂದು ಮುಂಬಯಿಯ ಹೋಟೆಲುಗಳಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿದ ಹುಡುಗರ ಊರು ಇದು. ದುಡಿಯಲು ಹೋದವನ ಕೈ ನಡುನಡುವೆ ಯಾಕೆ ನಿಲ್ಲುತ್ತದೆ ಎಂಬುದು ಈ ಊರಿನ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮನೆಯ ನೆನಪನ್ನು ಕಥೆಯಲ್ಲಿ ಹೇಳುವುದು ಸುಲಭ. ಅದನ್ನು ಆಟದ ನಿಯಮವಾಗಿಸಿ, ಆಡುವವನ ಕೈಯನ್ನೇ ಕಟ್ಟಿಹಾಕಿದ್ದು ಇಟೊಯ್ ಅವರ ದೊಡ್ಡ ಸಾಧನೆ.

ಅಡೆತಡೆಗಳೂ ಹೀಗೆಯೇ. ಒಂದು ಕಣಿವೆಯ ದಾರಿಗೆ ಪೆನ್ಸಿಲಿನ ಆಕಾರದ ಕಬ್ಬಿಣದ ಪ್ರತಿಮೆ ಅಡ್ಡ ನಿಂತಿದೆ. ಆ್ಯಪಲ್ ಕಿಡ್ ಎಂಬ ಬಡ ಹುಡುಗ ಒಂದು ಯಂತ್ರ ಮಾಡಿದ್ದಾನೆ. ಅವನಿಗೆ ಮೊದಲು ಊಟ ಕೊಟ್ಟು, ದುಡ್ಡು ಕೊಟ್ಟು ನಂಬಿದವರಿಗೆ ಅದು ಸಿಗುತ್ತದೆ. ಆ ಯಂತ್ರಕ್ಕೆ ಬರುವುದು ಪೆನ್ಸಿಲ್ ಅಳಿಸುವುದೊಂದೇ. ಎಷ್ಟೋ ಗಂಟೆ ಕಳೆದ ಮೇಲೆ ಇನ್ನೊಂದು ಕಡೆ ಕಬ್ಬಿಣದ ರಬ್ಬರ್ ಅಡ್ಡ ಬರುತ್ತದೆ. ಅದಕ್ಕೆ ರಬ್ಬರನ್ನೇ ಅಳಿಸುವ ಯಂತ್ರ ಬೇಕು. ಥ್ರೀಡ್ ಎಂಬ ಊರಿನಲ್ಲಿ ಹೆಣಗಳ ಕಾಟ. ಅವು ತುಂಬಿದ ಡೇರೆಯೊಳಗೆ ನೊಣಗಳಿಗೆ ಹಾಕುವಂಥ ಅಂಟುಕಾಗದ ಹಾಸಿದರೆ ಬೆಳಗಾಗುವುದರೊಳಗೆ ಎಲ್ಲವೂ ಅಂಟಿಕೊಂಡಿರುತ್ತವೆ. ಬೆಲ್ಚ್ ಎಂಬ ದುರ್ನಾತದ ದೊಡ್ಡ ವೈರಿಗೆ ನೊಣದ ಜೇನಿನ ಭರಣಿ ಕೊಟ್ಟರೆ ಅವನು ಯುದ್ಧ ಮರೆತು ನೆಕ್ಕುತ್ತ ಕೂರುತ್ತಾನೆ.

ಹುಡುಕಾಟವೂ ಹಾಸ್ಯವೂ ಒಂದೇ ಎಳೆಯಾಗಿ ಹರಿಯುವುದನ್ನು ಕನ್ನಡ ಓದುಗರು ತೇಜಸ್ವಿಯವರ ‘ಕರ್ವಾಲೊ’ದಲ್ಲಿ ಕಂಡಿದ್ದಾರೆ. ಅಲ್ಲಿ ಜೇನು, ಮಂದಣ್ಣನ ಮದುವೆ, ಕಿವಿ ಎಂಬ ನಾಯಿ, ಬಿರಿಯಾನಿ ಕರಿಯಪ್ಪ, ಇವೆಲ್ಲ ಹಾರುವ ಓತಿಯವರೆಗಿನ ದಾರಿಗೆ ಅಡ್ಡಿಗಳೂ ಹೌದು, ದಾರಿಯೂ ಹೌದು. ದೊಡ್ಡದರ ಕಡೆ ಹೋಗುವವನು ಚಿಕ್ಕದನ್ನು ದಾಟಿ ಹೋಗಲಾರ, ಅದರೊಳಗಿನಿಂದಲೇ ಹೋಗಬೇಕು. ‘ಅರ್ತ್‌ಬೌಂಡ್’ ಬೇರೆ ನೆಲದಲ್ಲಿ, ಬೇರೆ ಮಾಧ್ಯಮದಲ್ಲಿ ಅದೇ ಅರಿವಿಗೆ ಬಂದಿದೆ. ಕೊನೆಯ ಕಾಳಗದಲ್ಲಿ ಅದು ಸ್ಪಷ್ಟವಾಗುತ್ತದೆ. ಆಕಾರವೇ ಇಲ್ಲದ ಗಿಯಗಸ್ ಎದುರು ಯಾವ ಆಯುಧವೂ ನಡೆಯುವುದಿಲ್ಲ. ಪಾಲಾ ಎಂಬ ಹುಡುಗಿ ಪ್ರಾರ್ಥನೆ ಮಾಡುತ್ತಾಳೆ. ದಾರಿಯುದ್ದಕ್ಕೂ ಭೇಟಿಯಾದವರು ಅಲ್ಲಲ್ಲೇ ಕೆಲಸ ನಿಲ್ಲಿಸಿ ಈ ಮಕ್ಕಳಿಗಾಗಿ ಬೇಡಿಕೊಳ್ಳುತ್ತಾರೆ. ಕಟ್ಟಕಡೆಗೆ ಆಡುತ್ತಿರುವವರ ಹೆಸರೂ ಅದರಲ್ಲಿ ಸೇರುತ್ತದೆ. ಅಷ್ಟು ಹೊತ್ತು ನಕ್ಕು ಮಾತಾಡಿಸಿದ್ದು ಇದಕ್ಕೇ ಎಂಬುದು ಆಗ ತಿಳಿಯುತ್ತದೆ.

ದೋಷಗಳೂ ಇವೆ, ಅವು ಸಣ್ಣವಲ್ಲ. ಒಬ್ಬೊಬ್ಬರ ಚೀಲದಲ್ಲಿ ಹದಿನಾಲ್ಕೇ ವಸ್ತುಗಳಿಗೆ ಜಾಗ. ತೊಟ್ಟ ಟೋಪಿಯೂ ಬಿಸಾಡಲಾಗದ ಕೀಲಿಯೂ ಅದರಲ್ಲೇ ಸೇರಬೇಕು. ವಸ್ತುಗಳೇ ಜೀವಾಳವಾದ ಆಟದಲ್ಲಿ ಅವನ್ನು ಇಟ್ಟುಕೊಳ್ಳುವುದೇ ಪಾಡಾಗಿದೆ. ಇನ್ನೊಂದು ಕೊರತೆ ಆಳವಾದದ್ದು. ನೆಸ್‌ನ ಊರಾದ ಒನೆಟ್‌ನ ಬೀದಿಯಲ್ಲಿ ಅಷ್ಟು ಹದವಾಗಿದ್ದ ನಗೆ, ಮನೆಯಿಂದ ದೂರ ಹೋದಂತೆ ತೆಳುವಾಗುತ್ತದೆ. ಪೂರ್ವದೇಶದ ರಾಜಕುಮಾರ ಪೂ ಧ್ಯಾನ ಮಾಡುವ ಗಂಭೀರ ಹುಡುಗ. ಸಾಮಾನ್ಯ ತಿಂಡಿ ಅವನ ಮೈಗೆ ಹತ್ತುವುದಿಲ್ಲ ಎಂಬುದು ಚೆಂದದ ಕಲ್ಪನೆ. ಆದರೆ ಅವನ ಸೀಮೆಗೆ ಬೀದಿಯಿಲ್ಲ, ಅಂಗಡಿಯವನ ಗೊಣಗಾಟವಿಲ್ಲ. ಅವನಿಗೆ ಒಗ್ಗುವ ಒಂದೇ ಒಂದು ಕತ್ತಿ ಒಂದು ಜಾತಿಯ ವೈರಿಯನ್ನು ಸೋಲಿಸಿದಾಗ 128ಕ್ಕೆ ಒಂದು ಸಲ ಸಿಗುವಂಥದ್ದು. ಆ ಜಾಗ ಬಿಟ್ಟು ಮುಂದೆ ಹೋದರೆ ಅದೂ ಇಲ್ಲ. ಸ್ಕರಾಬಾ ಎಂಬ ಮರುಭೂಮಿ ಪಿರಮಿಡ್ಡಿನ ಚಿತ್ರಪಟವಾಗಿ ಉಳಿಯುತ್ತದೆ. ಕಾಡಿನ ಆಚೆಯ ಟೆಂಡಾ ಜನರ ನಾಚಿಕೆಯೇ ಅವರ ಇಡೀ ಗುರುತಾಗುತ್ತದೆ. ತನಗೆ ಗೊತ್ತಿರುವ ಬೀದಿಯನ್ನು ಅಕ್ಕರೆಯಿಂದ ಕಂಡ ಕಣ್ಣು ಗೊತ್ತಿಲ್ಲದ ಊರನ್ನು ಪೋಸ್ಟ್‌ಕಾರ್ಡಿನಲ್ಲಿ ಕಂಡಿದೆ. ಪೂರ್ವದೇಶದ ಆಟಗಾರನಾಗಿ ನಾನು ಇದನ್ನು ಹೇಳಲೇಬೇಕು.

ಈ ಕೊರತೆಯಲ್ಲೇ ನಮಗೊಂದು ಪಾಠವಿದೆ. ನಮ್ಮ ಬೀದಿಯ ಆಟವನ್ನು ನಾವೇ ಮಾಡಬೇಕು. ಭಾರತದಲ್ಲಿ ಹೆಸರು ಮಾಡಿದ ಆಟಗಳ ಕಣ್ಣು ಹೆಚ್ಚಾಗಿ ಪುರಾಣದ ಮೇಲಿದೆ. ಪುಣೆಯ ನೋಡಿಂಗ್ ಹೆಡ್ಸ್ ತಂಡದ ‘ರಾಜಿ’ (2020) ಚೆಲುವಾದ ಆಟ. ದೇವತೆಗಳು, ಅಸುರರು, ಕೋಟೆಗಳು ಅದರ ಲೋಕ. ಅದಕ್ಕೆ ಅದರ ಜಾಗವಿದೆ. ಆದರೆ ಅಂಧೇರಿಯಂಥ ಊರು ಆಟವಾದದ್ದನ್ನು ನಾನಿನ್ನೂ ಕಂಡಿಲ್ಲ.

ಅಂಧೇರಿಯಲ್ಲಿ ಏನಿಲ್ಲ? ಪಶ್ಚಿಮದಲ್ಲಿ ಕಟ್ಟಡಗಳ ನಡುವೆ ಗಿಲ್ಬರ್ಟ್ ಹಿಲ್ ಎಂಬ ಕರಿಕಲ್ಲಿನ ಕಂಬ ಎದ್ದು ನಿಂತಿದೆ. ಸುಮಾರು 6.6 ಕೋಟಿ ವರ್ಷ ಹಿಂದೆ ಉಕ್ಕಿದ ಲಾವಾ ಹೆಪ್ಪುಗಟ್ಟಿದ್ದು ಅದು. ಎತ್ತರ ಸುಮಾರು 61 ಮೀಟರ್. ನೆತ್ತಿಯ ಮೇಲೆ ದೇವಿಯ ಗುಡಿ, ಅಲ್ಲಿಗೆ ಬಂಡೆಯಲ್ಲೇ ಕಡಿದ ಮೆಟ್ಟಿಲು, ಬುಡಕ್ಕೆ ಒತ್ತಿಕೊಂಡ ಮನೆಗಳು. ಇಂಥದ್ದನ್ನು ಯಾವ ಆಟಗಾರ ಹತ್ತದೆ ಬಿಟ್ಟಾನು? ಪೂರ್ವಕ್ಕೆ ಹೋದರೆ ಮಹಾಕಾಳಿ ಗುಹೆಗಳು. ನಡುವೆ ಜೋರು ಮಳೆಗೆ ತುಂಬಿ ನಿಲ್ಲುವ ಸಬ್‌ವೇ, ಅದೇ ಮಳೆಗೆ ಉಲ್ಟಾ ಆಗುವ ಛತ್ರಿ, ಹೆಸರು ಬರೆಸದೆ ಒಳಗೆ ಬಿಡದ ಸೊಸೈಟಿಯ ರಿಜಿಸ್ಟರ್, ಇಳಿಯಬೇಕಾದವರನ್ನು ಮುಂದಿನ ಸ್ಟೇಷನ್ನಿಗೆ ಒಯ್ಯುವ ಲೋಕಲ್ಲಿನ ನೂಕಾಟ. ಇವು ವೈರಿಗಳು. ಕಟಿಂಗ್ ಚಹಾ, ಲೋಕಲ್ ಪಾಸು, ಕಾಗದದಲ್ಲಿ ಸುತ್ತಿದ ವಡಾಪಾವ್, ಇವು ಚೀಲದ ವಸ್ತುಗಳು. ವಡಾಪಾವಿಗೆ ಒಣ ಬೆಳ್ಳುಳ್ಳಿ ಚಟ್ನಿ ಹೊಂದುತ್ತದೆ, ಇಡ್ಲಿಗೆ ಹೊಂದುವುದಿಲ್ಲ ಎಂಬ ನಿಯಮ ಇಲ್ಲಿ ಯಾರಿಗೂ ಕಲಿಸಬೇಕಾಗಿಲ್ಲ. ಜಯಂತ ಕಾಯ್ಕಿಣಿಯವರ ಕಥೆಗಳು ಮುಂಬಯಿಯ ಇಂಥ ಚಿಕ್ಕಪುಟ್ಟದ್ದರಲ್ಲಿ ಎಷ್ಟು ಬದುಕು ಅಡಗಿದೆ ಎಂದು ಕನ್ನಡದಲ್ಲಿ ಎಂದೋ ತೋರಿಸಿಕೊಟ್ಟಿವೆ.

ಒಂದು ಎಚ್ಚರ ಮಾತ್ರ ಬೇಕು. ಅಡ್ಡ ಬರುವವನನ್ನು ಕೀಳಾಗಿಸಿ ನಗಿಸುವುದು ಸುಲಭ, ನಮ್ಮ ಸಿನಿಮಾ ಹಾಸ್ಯ ಅದನ್ನೇ ಬಹಳ ಮಾಡಿದೆ. ಸೆಕೆಯಲ್ಲಿ ಗೇಟು ಕಾಯುವ ವಾಚ್‌ಮನ್ ವೈರಿಯಾಗಬಾರದು. ಅವನ ಕೈಗೆ ಕೊಟ್ಟಿರುವ ರಿಜಿಸ್ಟರ್ ವೈರಿಯಾಗಲಿ, ಸೋತಾಗ ಅದೂ ಮೊದಲಿನಂತಾಗಲಿ. ಟೋಬಿ ಫಾಕ್ಸ್ 2015ರಲ್ಲಿ ಮಾಡಿದ ‘ಅಂಡರ್‌ಟೇಲ್’ ಈ ಎಳೆಯನ್ನೇ ಹಿಡಿದು ಮುಂದೆ ಹೋಗಿ, ಯಾವ ವೈರಿಯನ್ನೂ ಕೊಲ್ಲದೆ ಕೊನೆಮುಟ್ಟುವ ದಾರಿ ತೆರೆಯಿತು. ‘ಅರ್ತ್‌ಬೌಂಡ್’ನಿಂದ ಕಲಿಯುವುದೆಂದರೆ ಅದರ ಕಾಗೆಗೆ ನಮ್ಮ ಕಾಗೆಯ ಬಣ್ಣ ಬಳಿಯುವುದಲ್ಲ. ನಾಯಕನಿಗೆ ಅಡ್ಡ ನಿಂತವರ ಹಸಿವು, ಕೆಲಸ, ಸಿಟ್ಟು ಎಲ್ಲವನ್ನೂ ಆಟ ಮಾಡುವವರು ಮೊದಲು ತಿಳಿದಿರಬೇಕು. ಆ ಶ್ರಮಪಟ್ಟು ಮಾಡಿದ ಆಟ ಅಂಧೇರಿಯಲ್ಲಿ ಹುಟ್ಟಿದರೆ ಅದು ಅಂಧೇರಿಯವರಿಗಷ್ಟೇ ಅಲ್ಲ, ಮನೆ ಬಿಟ್ಟು ದುಡಿಯಲು ಹೋದ ಎಲ್ಲರಿಗೂ ಅರ್ಥವಾಗುತ್ತದೆ.