ದೇವಾನಾಂಪ್ರಿಯನ ಅನುಶಯ: ಹದಿಮೂರನೆಯ ಶಿಲಾಶಾಸನದ ಪರಾಮರ್ಶೆ

ಅಶೋಕನ ಹದಿಮೂರನೆಯ ಶಿಲಾಶಾಸನವು ಪಶ್ಚಾತ್ತಾಪದ ಶಾಸನವೆಂದೇ ಪ್ರಸಿದ್ಧವಾಗಿದೆ. ಗೆದ್ದ ಅರಸನೇ ತನ್ನ ಗೆಲವಿನ ಲೆಕ್ಕವನ್ನು ದುಃಖದಿಂದ ಒಪ್ಪಿಸಿದ ಲೇಖವು ಪ್ರಾಚೀನ ಪ್ರಪಂಚದಲ್ಲಿ ಅತಿ ವಿರಳವೆಂಬುದು ನಿರ್ವಿವಾದ. ಪಟ್ಟಾಭಿಷೇಕವಾಗಿ ಎಂಟು ವರ್ಷಗಳಾದಾಗ, ಎಂದರೆ ಕ್ರಿ. ಪೂ. 261ರ ಸುಮಾರಿಗೆ, ಕಳಿಂಗವು ಜಿತವಾಯಿತು. 1,50,000 ಜನರು ದೇಶದಿಂದ ಒಯ್ಯಲ್ಪಟ್ಟರು, 1,00,000 ಜನರು ಹತರಾದರು, ಅದರ ಅನೇಕ ಪಟ್ಟು ಮಂದಿ ಬೇರೆ ಬಗೆಯಿಂದ ಅಳಿದರು ಎಂದು ಶಾಸನವೇ ಹೇಳುತ್ತದೆ. ಮೆಚ್ಚುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತಾರೆ.

ಶಾಸನದ ಜೀವಾಳವಾದ ಪದವನ್ನು ವಿಚಾರಿಸಬೇಕು. ಶಾಹಬಾಜಗಢಿಯ ಪಾಠದಲ್ಲಿ ಅದು ‘ಅನುಸೋಚನ’, ಕಾಲ್ಸಿಯಲ್ಲಿ ‘ಅನುಸಯೇ’. ಅನುಶೋಚನವು ಕೇವಲ ಮನೋವ್ಯಾಪಾರ. ಅನುಶಯಕ್ಕಾದರೋ ಧರ್ಮಶಾಸ್ತ್ರದಲ್ಲಿ ಇನ್ನೊಂದು ಅರ್ಥವುಂಟು. ಮನುವು ಎಣಿಸಿದ ಹದಿನೆಂಟು ವ್ಯವಹಾರಪದಗಳಲ್ಲಿ ಕ್ರಯವಿಕ್ರಯಾನುಶಯವೂ ಒಂದು: ಕೊಂಡವನಿಗೆ ಅನುಶಯವುಂಟಾದರೆ ಹತ್ತು ದಿನಗಳೊಳಗೆ ವಸ್ತುವನ್ನು ಹಿಂದಿರುಗಿಸಬಹುದು. ಅರ್ಥಶಾಸ್ತ್ರದಲ್ಲಿಯೂ ಈ ಪ್ರಕರಣವಿದೆ. ಈ ಗ್ರಂಥಗಳ ಈಗಿನ ರೂಪವು ಅಶೋಕನಿಗಿಂತ ಈಚಿನದೆಂದು ಆಕ್ಷೇಪಿಸಬಹುದು; ಅರಸನು ವ್ಯವಹಾರದ ಮಾತನ್ನೇ ಆಡಿದನೆಂದು ಸಾಧಿಸುವುದು ಇಲ್ಲಿಯ ಉದ್ದೇಶವೂ ಅಲ್ಲ. ಆದರೆ ಶಾಸ್ತ್ರದ ಅನುಶಯದಲ್ಲಿ ವಸ್ತುವು ಹಿಂದಿರುಗುತ್ತದೆ. ಶಾಸನದ ಅನುಶಯದಲ್ಲಿ ಕಳಿಂಗವು ಹಿಂದಿರುಗಲಿಲ್ಲ. ಒಯ್ಯಲ್ಪಟ್ಟವರನ್ನು ಮರಳಿ ಕಳುಹಿಸಿದ ಮಾತೂ ಅಲ್ಲಿಲ್ಲ. ಅಷ್ಟೇ ಅಲ್ಲ, ಅದೇ ಶಾಸನದಲ್ಲಿ ಅಟವಿಯ ಜನರಿಗೆ, ಅನುತಾಪಪಟ್ಟರೂ ಅರಸನಿಗೆ ಬಲವಿದೆಯೆಂದು ತಿಳಿಸಲಾಗಿದೆ!

ಇದಕ್ಕಿಂತ ವಿಚಾರಾರ್ಹವಾದುದು ಶಾಸನವನ್ನು ಕೆತ್ತಿಸಿದ ಸ್ಥಳಗಳ ವಿಷಯ. ಗಿರನಾರದವರು ಇದನ್ನು ಓದಬಹುದಾಗಿತ್ತು. ಯವನರಿಗಾಗಿ ಅವರ ಭಾಷೆಯಲ್ಲಿಯೇ ಬರೆದ ಪಾಠವು 1963ರಲ್ಲಿ ಕಂದಹಾರದಲ್ಲಿ ದೊರೆಯಿತು. ಕಳಿಂಗದ ಧೌಳಿ, ಜೌಗಡಗಳಲ್ಲಿ ಮಾತ್ರ ಹನ್ನೊಂದರಿಂದ ಹದಿಮೂರರವರೆಗಿನ ಶಾಸನಗಳಿಲ್ಲ. ಸತ್ತವರ ಸಂಖ್ಯೆಯನ್ನು ಸತ್ತವರ ಬಂಧುಗಳಿಗೆ ಹೇಳಲಿಲ್ಲ. ಅವುಗಳ ಬದಲು ಎರಡು ಪ್ರತ್ಯೇಕ ಶಾಸನಗಳಿವೆ. ಮೊದಲನೆಯದು ನಗರದ ನ್ಯಾಯಾಧಿಕಾರಿಗಳಾದ ಮಹಾಮಾತ್ರರಿಗೆ ಕೊಟ್ಟ ಆಜ್ಞೆ. ನಿಷ್ಕಾರಣವಾಗಿ ಯಾರನ್ನೂ ಬಂಧಿಸಬಾರದು, ಪೀಡಿಸಬಾರದು. ಅಸೂಯೆ, ಕೋಪ, ಆತುರ, ಆಲಸ್ಯಗಳನ್ನು ಬಿಡಬೇಕು. ಇದನ್ನು ನೋಡಲು ಐದು ವರ್ಷಕ್ಕೊಮ್ಮೆ ಮೃದುಸ್ವಭಾವದ ಅಧಿಕಾರಿಯು ಸಂಚರಿಸಬೇಕು. ತಿಷ್ಯನಕ್ಷತ್ರದ ದಿನ ಈ ಲಿಪಿಯನ್ನು ಕೇಳಿಸಬೇಕು, ಒಬ್ಬನೇ ಇದ್ದರೂ ಕೇಳಬೇಕು. ಪ್ರಜೆಗಳೆಲ್ಲರೂ ತನ್ನ ಮಕ್ಕಳೆಂಬ ಮಾತು ಬರುವುದೂ ಈ ಆಜ್ಞೆಯ ನಡುವೆಯೇ. ಕಾವ್ಯಗುಣದಲ್ಲಿ ಹದಿಮೂರನೆಯದೇ ಮೇಲೆಂದು ಒಪ್ಪಬಹುದು. ಆದರೆ ಸೆರೆಮನೆಯ ಬಾಗಿಲಲ್ಲಿ ನಿಂತ ಕಳಿಂಗದವನಿಗೆ ಒದಗಬಲ್ಲ ಶಾಸನ ಈ ಪ್ರತ್ಯೇಕಶಾಸನವೇ.

ಇದು ಕಳಿಂಗಕ್ಕೇ ಮೀಸಲೆಂದು ಬಹುಕಾಲ ಭಾವಿಸಲಾಗಿತ್ತು. ಭೀಮಾತೀರದ ಸನ್ನತಿಯಲ್ಲಿ, ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ, 1989ರಲ್ಲಿ ದೊರೆತ ಶಿಲೆಯು ಈ ಭಾವನೆಯನ್ನು ಕೆಡಿಸಿತು. ಅದರಲ್ಲಿ ಹನ್ನೆರಡನೆಯ, ಹದಿನಾಲ್ಕನೆಯ ಶಾಸನಗಳ ಭಾಗಗಳೂ ಎರಡು ಪ್ರತ್ಯೇಕಶಾಸನಗಳೂ ಇವೆ; ಹದಿಮೂರನೆಯದು ಕಾಣದು. ಕನ್ನಡನಾಡಿನ ಈ ಮೂಲೆಗೆ ಕಳಿಂಗದ ಆಜ್ಞೆ ಏಕೆ ಬಂದಿತು? ಇಲ್ಲಿಯೂ ಹೊಸದಾಗಿ ಗೆದ್ದ ಜನರಿದ್ದರೆಂದು ಊಹಿಸಲು ಅವಕಾಶವಿದೆ. ಊಹೆಗಿಂತ ಮುಂದೆ ಹೋಗಲು ಆಧಾರವಿಲ್ಲ.

ಕಳಿಂಗದವರ ಮಾತು ಕೇಳಿಬರುವುದು ಬಹುಕಾಲಾನಂತರ, ಧೌಳಿಗೆ ಅನತಿದೂರದ ಹಾಥಿಗುಂಫೆಯಲ್ಲಿ. ಖಾರವೇಲನು ಕಳಿಂಗಾಧಿಪತಿಯೆನಿಸಿ, ಹಿಂದೆ ನಂದರಾಜನು ಒಯ್ದಿದ್ದ ಜಿನಬಿಂಬವನ್ನು ಮಗಧದಿಂದ ಮರಳಿ ತಂದುದನ್ನು ಅಲ್ಲಿ ಕೆತ್ತಿಸಿದನು. ಅಶೋಕನ ಹೆಸರು ಆ ಶಾಸನದಲ್ಲಿ ಇಲ್ಲ.